400 ರೂಪಾಯಿ ಬಿಯರ್ ಬಗ್ಗೆ ನನ್ನದೂ ಒಂದು ಮಾತು

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರಗಳ ವಿಭಾಗದಲ್ಲಿ ಒಬ್ಬರು ಬೆಂಗಳೂರಿನ ಮೈಕ್ರೊಬ್ರೂವರಿಗಳ ಮೇಲೆ, ಅಂದರೆ ತಮ್ಮಲ್ಲೇ ಬಿಯರ್ ತಯಾರಿಸಿ ಮಾರುವ ಜಾಗಗಳ ಮೇಲೆ, ಹರಿಹಾಯ್ದಿದ್ದರು. ಒಂದು ಗ್ಲಾಸ್ ಬಿಯರ್‌ಗೆ 400 ರೂಪಾಯಿ ಕೊಡುವವರಿಗೆ ತಲೆ ಕೆಟ್ಟಿದೆ, ಅದೇ ದುಡ್ಡಲ್ಲಿ ಒಂದು ಕ್ವಾರ್ಟರ್, ಒಂದು ಪ್ಲೇಟ್ ಎಗ್ ಬುರ್ಜಿ, ಮನೆಗೆ ಹೋಗೋಕೆ ಆಟೊ ಎಲ್ಲಾ ಆಗುತ್ತದೆ ಎಂಬುದು ಅವರ ವಾದ. ಕಾಕ್‌ಟೇಲ್ ಅಂದರೆ ಶರಬತ್ತಿಗೆ ಎಣ್ಣೆ ಸುರಿದು ಮೂರು ಪಟ್ಟು ಬಿಲ್ ಮಾಡುವ ಶೋಕಿ ಎಂದೂ ಸೇರಿಸಿದ್ದರು. ಓದಿ ನಕ್ಕೆ. ಆದರೆ ಉತ್ತರ ಕೊಡದೆ ಬಿಡೋಕೆ ಮನಸ್ಸಾಗಲಿಲ್ಲ.

ಮೊದಲು ಅವರ ಲೆಕ್ಕ ಒಪ್ಪಿಕೊಳ್ಳುತ್ತೇನೆ. ಲೆಕ್ಕ ಬರೆಯೋದೇ ನನ್ನ ಕಸುಬು, ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಎಂದು ಬರೆದಿರುತ್ತದೆ. 180 ಮಿಲಿ ಕ್ವಾರ್ಟರ್‌ನಲ್ಲಿ ಸುಮಾರು 77 ಮಿಲಿ ಆಲ್ಕೋಹಾಲ್ ಬಂತು. ಶೇ 5ರ ಬಿಯರ್ 330 ಮಿಲಿ ಕುಡಿದರೆ ಒಳಗೆ ಹೋಗೋದು ಹದಿನಾರೂವರೆ ಮಿಲಿ. ಕ್ವಾರ್ಟರ್ ಕೊಡುವ ಕಿಕ್ ಬೇಕಾದರೆ ಅಂಥ ಗ್ಲಾಸ್ ನಾಲ್ಕೂವರೆಗಿಂತ ಜಾಸ್ತಿ ಬೇಕು. ಕಿಕ್ಕೇ ಲೆಕ್ಕ ಅಂತಾದರೆ ಆ ಮಹನೀಯರು ಗೆದ್ದರು, ನಾನು ಇಲ್ಲಿಗೇ ಪೆನ್ನು ಮುಚ್ಚಬಹುದು.

ನನ್ನ ತಕರಾರು ಇರೋದು ಅಲ್ಲೇ. ನಮ್ಮ ರಾಜ್ಯದಲ್ಲಿ ಕುಡಿಯುವವರಿಗೇನೂ ಬರ ಇಲ್ಲ, ಆದರೆ ಏನು ಕುಡಿದೆ ಎಂದು ಹೇಳಬಲ್ಲವರು ಬಹಳ ಕಡಿಮೆ. ಅಂಗಡಿ ಮುಂದೆ ನಿಂತು ನೋಡಿ. ಬಿಯರ್ ಕೇಳುವವರು ಹೆಚ್ಚಾಗಿ 'ಸ್ಟ್ರಾಂಗ್ ಕೊಡಿ' ಅನ್ನುತ್ತಾರೆ. ಮೈಲ್ಡ್ ಅಂದರೆ ಶೇ 5ರವರೆಗೆ, ಸ್ಟ್ರಾಂಗ್ ಅಂದರೆ ಅಲ್ಲಿಂದ 8ರವರೆಗೆ. ಅದು ಗೋಧಿಯದೋ ಬಾರ್ಲಿಯದೋ, ಕಹಿ ಎಷ್ಟು, ವಾಸನೆ ಏನು ಎಂದು ಯಾರೂ ಕೇಳುವುದಿಲ್ಲ. ಊಟದ ವಿಷಯಕ್ಕೆ ಬಂದರೆ ಇದೇ ಜನ ಸಾರಿಗೆ ಇಂಗು ಜಾಸ್ತಿ ಆಯ್ತು, ಚಟ್ನಿಗೆ ಹುರಿಗಡಲೆ ತುಂಬಿದ್ದಾರೆ ಎಂದು ಹೋಟೆಲ್‌ನವನನ್ನು ನಿಲ್ಲಿಸಿ ಹೇಳುತ್ತಾರೆ. ಗ್ಲಾಸ್ ಕೈಗೆ ಬಂದ ಕೂಡಲೇ ಆ ನಾಲಿಗೆ ಎಲ್ಲಿಗೆ ಹೋಗುತ್ತದೋ!

ನಿಮ್ಮ ಪತ್ರಿಕೆಯ ಮೇಲೂ ಸ್ವಲ್ಪ ಮುನಿಸಿದೆ. ಮದ್ಯದ ಬಗ್ಗೆ ನೀವು ಬರೆಯೋದು ಮೂರೇ ಸಂದರ್ಭದಲ್ಲಿ. ಬಜೆಟ್‌ನಲ್ಲಿ ಬೆಲೆ ಏರಿದಾಗ, ಹೊಸ ವರ್ಷದ ರಾತ್ರಿ ಎಷ್ಟು ಕೋಟಿ ಮಾರಾಟವಾಯಿತು ಎಂದು ಅಬಕಾರಿ ಇಲಾಖೆ ಹೇಳಿದಾಗ, ಮತ್ತೆ ಯಾರೋ ಕುಡಿದು ಗಲಾಟೆ ಮಾಡಿದಾಗ. ಸಾರಾಯಿ ನಿಷೇಧವಾಗಿದ್ದು 2007ರಲ್ಲಿ. ಅಷ್ಟು ವರ್ಷದಿಂದ ಓದುತ್ತಾ ಬಂದಿದ್ದೇನೆ, ಒಂದು ಪೇಯದ ರುಚಿ ಹೇಗಿತ್ತು ಎಂದು ಕನ್ನಡದಲ್ಲಿ ಬರೆದಿದ್ದನ್ನು ನಿಮ್ಮ ಪುಟದಲ್ಲಿ ನೋಡಿದ ನೆನಪಿಲ್ಲ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಭಟ್ಟಿ ಇಳಿಸುವ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಮೊದಲು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಮಾರಾಟಕ್ಕೆ ಹೋಯಿತು, ಬೆಂಗಳೂರಿನ ಅಂಗಡಿಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ. ಸ್ಕಾಟ್ಲೆಂಡ್‌ನಲ್ಲಿ ವಿಸ್ಕಿಯನ್ನು ಮಾಗಲು ಇಟ್ಟ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ ನಮ್ಮ ಬಿಸಿಲಿಗೆ ಶೇ 10ಕ್ಕೂ ಜಾಸ್ತಿ ಹೋಗುತ್ತದೆ. ಅದೇ ಬಿಸಿಗೆ ಇಲ್ಲಿ ನಾಲ್ಕೈದು ವರ್ಷಕ್ಕೇ ಮಾಗುತ್ತದೆ. ಇದನ್ನೆಲ್ಲ ನಾನು ಓದಿದ್ದು ಇಂಗ್ಲಿಷ್‌ನಲ್ಲಿ. ನಮ್ಮೂರಿನ ವಿಷಯ, ಅಲ್ವಾ?

ಹೊರಗೆ ಹೋಗಿ ಕುಡಿಯುವ ವಿಷಯ ಮೊದಲು ಹೇಳುತ್ತೇನೆ, ಮನೆಯದು ಆಮೇಲೆ. ನಾವಿರುವುದು ವಿಜಯನಗರದಲ್ಲಿ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಬದಲಿಸದೆ ಬ್ರೂವರಿಗಳಿರುವ ಇಂದಿರಾನಗರ. ಬೈಕ್ ಮನೆಯಲ್ಲೇ ಇರುತ್ತದೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಕೇಸಿನ ಮಾತಿರಲಿ, ಕುಡಿದು ಗಾಡಿ ಓಡಿಸುವವರ ಜೊತೆ ನಾನು ಕೂರುವುದೂ ಇಲ್ಲ. ಬೆಂಗಳೂರಿನ ಮೊದಲ ಮೈಕ್ರೊಬ್ರೂವರಿ 2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ ಶುರುವಾದ 'ಬಿಯರ್ ಕ್ಲಬ್'. ಆಮೇಲೆ ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್ ಎಂದು ಸಾಲು ಬೆಳೆಯಿತು. ಈಗಂತೂ ಬಡಾವಣೆಗೊಂದು ಇದೆ.

ಅಲ್ಲಿಗೆ ಹೋದವರು ಕೂತ ಕೂಡಲೇ ದೊಡ್ಡ ಮಗ್ ಹೇಳುತ್ತಾರೆ. ಅದು ದುಡ್ಡು ದಂಡ. ಹೆಚ್ಚಿನ ಕಡೆ ಪುಟ್ಟ ಪುಟ್ಟ ಗ್ಲಾಸಿನಲ್ಲಿ ಐದಾರು ಬಗೆಯನ್ನು ಒಂದು ಹಲಗೆ ಮೇಲೆ ಜೋಡಿಸಿ ಕೊಡುವ ಸ್ಯಾಂಪ್ಲರ್ ಇರುತ್ತದೆ. ಇಬ್ಬರು ಹಂಚಿಕೊಂಡರೆ ಒಂದು ಸಂಜೆಗೆ ಧಾರಾಳ. ತೆಳು ಬಣ್ಣದ್ದರಿಂದ ಶುರು ಮಾಡಿ, ಕಪ್ಪು ಕೊನೆಗೆ. ಬಾಯಿಗೆ ಇಡುವ ಮೊದಲು ಮೂಗಿಗೆ ಹಿಡಿಯಿರಿ. ಹೆಫೆವೈಜನ್ ಎಂಬ ಜರ್ಮನ್ ಗೋಧಿ ಬಿಯರ್ ಇದೆ. ಮೂಗಿಗೆ ಹಿಡಿದರೆ ಬಾಳೆಹಣ್ಣು, ಅದರ ಹಿಂದೆ ಲವಂಗ. ನನ್ನ ಗಂಡ ಸಪ್ಲೈಯರನ್ನು ಕರೆದು 'ಎಸೆನ್ಸ್ ಹಾಕಿದ್ದೀರಾ?' ಎಂದು ಕೇಳಿಯೇಬಿಟ್ಟರು. ಎಸೆನ್ಸೂ ಇಲ್ಲ, ಬಾಳೆಹಣ್ಣೂ ಇಲ್ಲ. ಬಿಯರ್ ಹುದುಗು ಬರುವಾಗ ಆ ಜಾತಿಯ ಯೀಸ್ಟ್ ತಾನಾಗಿಯೇ ಆ ವಾಸನೆ ಹುಟ್ಟಿಸುತ್ತದೆ.

ಇನ್ನೊಂದು ವಿಟ್‌ಬಿಯರ್, ಬೆಲ್ಜಿಯಂನದು. ಇದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಕೊತ್ತಂಬರಿ ಬೀಜ ಎಂದರೆ ನಮಗೆ ಸಾರಿನ ಪುಡಿಯೇ ನೆನಪಾಗೋದು. ಹುರಿಯದೆ ಸುಮ್ನೆ ಕುಟ್ಟಿ ಹಾಕಿದರೆ ಅದರ ವಾಸನೆ ನಿಂಬೆ ಕಡೆಗೆ ವಾಲುತ್ತದೆ ಎಂದು ನನಗೆ ಗೊತ್ತಾಗಿದ್ದು ಈ ಬಿಯರ್‌ನಿಂದಲೇ. ಇದರ ಕಥೆ ನನಗೆ ಬಹಳ ಇಷ್ಟ. ಹೂಗಾರ್ಡನ್ ಎಂಬ ಊರಿನಲ್ಲಿ ಇದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತು. ಆ ರುಚಿಯೇ ಭೂಮಿಯಿಂದ ಹೋಯಿತು ಎಂದುಕೊಂಡಿದ್ದರು. ಪಿಯರ್ ಸೆಲಿಸ್ ಎಂಬ, ಅದೇ ಊರಲ್ಲಿ ಹಾಲು ಹಾಕುತ್ತಿದ್ದ ಮನುಷ್ಯ 1966ರಲ್ಲಿ ಅದನ್ನು ಮತ್ತೆ ಕುದಿಸಿ ಬದುಕಿಸಿದ. ಇವತ್ತು ಬೆಂಗಳೂರಿನ ಹೆಚ್ಚಿನ ಬ್ರೂವರಿಗಳಲ್ಲಿ ಕೊತ್ತಂಬರಿ ಬಿಯರ್ ಸಿಗುತ್ತದೆ ಅಂದರೆ ಅದರ ಪುಣ್ಯ ಆ ಹಾಲಿನವನಿಗೆ ಸೇರಬೇಕು.

ಉಪ್ಪು ಹಾಕಿದ ಹುಳಿ ಬಿಯರ್ ಕೂಡ ಇದೆ, ಹೆಸರು ಗೋಜ಼, ಹುಟ್ಟೂರು ಜರ್ಮನಿಯ ಗೋಸ್ಲರ್. ಮೊಸರು ಹೆಪ್ಪುಗಟ್ಟಿಸುವ ಜಾತಿಯ ಬ್ಯಾಕ್ಟೀರಿಯಾವೇ ಇದಕ್ಕೂ ಹುಳಿ ಕೊಡೋದು. ಮೊದಲ ಗುಟುಕಿಗೆ ಮುಖ ಹಿಂಡುತ್ತದೆ, ಎರಡನೆಯದಕ್ಕೆ ಮಜ್ಜಿಗೆ ಕುಡಿದು ಬೆಳೆದ ನಾಲಿಗೆಗೆ ಗುರುತು ಸಿಗುತ್ತದೆ. ಟಾಯ್ಟ್‌ನವರದು ಬಾಸ್ಮತಿ ಬ್ಲಾಂಡ್ ಅಂತ ಅಕ್ಕಿ ಹಾಕಿದ್ದು ಒಂದಿದೆ, ಬೇಸಿಗೆಯಲ್ಲಿ ಮಾವಿನ ಹಣ್ಣಿನದು ಬರುತ್ತದೆ. ಮಾವಿನದು ನನಗೆ ಅಷ್ಟಕ್ಕಷ್ಟೆ. ಮಾವಿನ ಹಣ್ಣನ್ನು ತಿನ್ನುವುದು ಬಿಟ್ಟು ಹೀಗೆ ಮಾಡುವುದು ಯಾಕೆ ಎಂಬುದು ನನ್ನ ಅಭಿಪ್ರಾಯ. ಗಂಡನಿಗೆ ಮಾತ್ರ ಅದು ಪ್ರಾಣ.

ಒಂದು ಸಲ, ಮಧ್ಯಾಹ್ನ ಜನ ಇಲ್ಲದ ಹೊತ್ತಲ್ಲಿ, ಬ್ರೂವರ್ ಹುಡುಗನೊಬ್ಬ ಗಾಜಿನ ಗೋಡೆಯ ಹಿಂದೆ ಕರೆದುಕೊಂಡು ಹೋಗಿ ತಾಮ್ರದ ಹಂಡೆ ತೋರಿಸಿದ. ಅಂಗೈಗೆ ಒಂದು ಹಿಡಿ ಮಾಲ್ಟ್ ಹಾಕಿ ಅಗಿಯಿರಿ ಅಂದ. ಗರಿಗರಿ, ಸಿಹಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉದುರಿಸಿದರೆ ಮಾಲ್ಟ್. ಅವನು ಇಷ್ಟು ಹೇಳುವಾಗಲೇ ನಾನು ಗಂಡನ ಮುಖ ನೋಡಿದೆ. ನಮ್ಮ ಮಗನಿಗೆ ಆರು ತಿಂಗಳಾದಾಗ ಮಂಡ್ಯದ ನಮ್ಮತ್ತೆ ರಾಗಿ ಸರಿಗೆಂದು ಮಾಡಿದ್ದು ಇದನ್ನೇ. ರಾತ್ರಿ ನೆನೆಸಿ, ಬಿಳಿ ಪಂಚೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಮಹಡಿ ಮೇಲೆ ಒಣಗಿಸಿ, ಕೈಯಲ್ಲಿ ಉಜ್ಜಿ ತೂರಿ, ಘಮ್ಮೆನ್ನುವಷ್ಟು ಹುರಿದು ಬೀಸಿಸುತ್ತಿದ್ದರು. ಮೊಳಕೆ ಬಂದಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಹಿಟ್ಟನ್ನು ಸಕ್ಕರೆ ಮಾಡುತ್ತದೆ. ಮೊಳಕೆ ರಾಗಿಯ ಗಂಜಿ ಮಾಮೂಲಿ ಗಂಜಿಗಿಂತ ತೆಳುವಾಗಿ, ಸಿಹಿಯಾಗಿ ಇರೋದು ಅದಕ್ಕೇ. ಬ್ರೂವರಿಯಲ್ಲಿ 65 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು ಅದೇ ಕೆಲಸ ಮಾಡಿಸುತ್ತಾರೆ. ಆ ಸಿಹಿ ನೀರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿ ಎರಡು ಮೂರು ವಾರ ಕಾಯುವುದು. ಅಷ್ಟೇ ಬಿಯರ್. ರಾಗಿ ಮಾಲ್ಟ್ ಬೆರೆಸಿದ ಬಿಯರನ್ನೂ ನಾವು ಕುಡಿದಿದ್ದೇವೆ. ಕೊನೆಯಲ್ಲಿ ಸುಟ್ಟ ರಾಗಿ ರೊಟ್ಟಿಯ ಅಂಚಿನ ರುಚಿ ನಿಲ್ಲುತ್ತದೆ. 1516ರಲ್ಲಿ ಜರ್ಮನಿಯ ಬವೇರಿಯಾದವರು ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದು ಕಾನೂನು ಮಾಡಿದ್ದರಂತೆ. ಅವರ ಪ್ರಕಾರ ಇದು ಬಿಯರೇ ಅಲ್ಲ. ಇರಲಿ ಬಿಡಿ, ಅವರು ರಾಗಿ ತಿಂದವರಲ್ಲ.

ಈಗ ದೂರು. ಪೇಟೆಯ ಒಂದು ದೊಡ್ಡ ಜಾಗ, ಹೆಸರು ಬೇಡ. ಮೆನುವಿನಲ್ಲಿ ಪಶ್ಚಿಮ ಘಟ್ಟದ ಕೋಕಂ ಹಾಕಿದ ಜಿನ್ ಕಾಕ್‌ಟೇಲ್ ಎಂದು ಕವಿತೆಯ ಹಾಗೆ ಬರೆದಿದ್ದರು. ನಾನು ಶಿರಸಿ ಕಡೆಯವಳು, ನಮ್ಮಲ್ಲಿ ಅದು ಮುರುಗಲು. ಹಿತ್ತಲಿನ ಮರ ಅದು. ಆಸೆಯಿಂದ ಹೇಳಿದೆ. ಬಂದಿದ್ದು ಬಾಟಲಿ ಸಿರಪ್‌ನ ಗುಲಾಬಿ ಸಕ್ಕರೆ ನೀರು, ಮೇಲೊಂದು ಒಣ ಗುಲಾಬಿ ಎಸಳು. ಇದಕ್ಕೆ ಏನೇನು ಹಾಕಿದ್ದೀರಿ ಎಂದು ಕೇಳಿದರೆ 'ಫ್ರೂಟಿ ಇರುತ್ತೆ ಮೇಡಂ' ಎಂಬ ಉತ್ತರ. ಇನ್ನೊಂದು ಎಲ್ಲ ಕಡೆಯೂ ನಡೆಯುತ್ತದೆ. ನಾನು ಸ್ಟೌಟ್ ಹೇಳಿರುತ್ತೇನೆ, ಗಂಡ ನಿಂಬೆ ಸೋಡಾ. ತರುವ ಹುಡುಗ ನೇರ ಬಂದು ಕಪ್ಪು ಬಿಯರನ್ನು ಅವರ ಮುಂದೆ, ಸೋಡಾವನ್ನು ನನ್ನ ಮುಂದೆ ಇಡುತ್ತಾನೆ. ನಾವು ಏನೂ ಮಾತಾಡದೆ ಗ್ಲಾಸ್ ಅದಲುಬದಲು ಮಾಡಿಕೊಳ್ಳುತ್ತೇವೆ. ಆ ಹುಡುಗನ ಮುಖ ನೋಡೋಕೆ ಮಜಾ ಇರುತ್ತದೆ.

ಮನೆಗೆ ಬರೋಣ. ನನ್ನ ಪ್ರಕಾರ ನಿಜವಾದ ಕಾಕ್‌ಟೇಲ್ ನಮ್ಮ ಅಡುಗೆಮನೆಯಲ್ಲೇ ಇದೆ, ದುಡ್ಡೂ ಕಡಿಮೆ. 750 ಮಿಲಿ ಬಾಟಲಿಯಿಂದ 45 ಮಿಲಿಯಂತೆ ಅಳೆದರೆ ಹದಿನಾರು ಗ್ಲಾಸ್ ಆಗುತ್ತದೆ. ನಮ್ಮಿಬ್ಬರಿಗೆ ಶನಿವಾರ ಒಂದೊಂದು, ಅಪರೂಪಕ್ಕೆ ಇನ್ನೊಂದು. ಬಾಟಲಿ ಎರಡು ತಿಂಗಳ ಹತ್ತಿರ ಬರುತ್ತದೆ. ಪತ್ರ ಬರೆದ ಮಹನೀಯರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.

ಸೂತ್ರ ಸುಲಭ. ಮದ್ಯ, ಹುಳಿ, ಸಿಹಿ ಮೂರು ಸರಿಹೋದರೆ ಮುಗಿಯಿತು. 45 ಮಿಲಿ ಮದ್ಯಕ್ಕೆ 20 ಮಿಲಿ ಹುಳಿ, 15 ಮಿಲಿ ಸಿಹಿ ಎಂದಿಟ್ಟುಕೊಂಡು ನಾಲಿಗೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿ. ಕ್ಯೂಬಾದ ಡೈಕಿರಿ ಎನ್ನುವುದು ರಮ್, ನಿಂಬೆ, ಸಕ್ಕರೆ ಅಷ್ಟೇ. ಅದರಲ್ಲಿ ಸಕ್ಕರೆ ತೆಗೆದು ನಮ್ಮೂರಿನ ಜೋನಿ ಬೆಲ್ಲ ಹಾಕಿದೆ. ಆಲೆಮನೆಯಿಂದ ಡಬ್ಬದಲ್ಲಿ ಬರುವ ನೀರು ಬೆಲ್ಲ, ದೋಸೆಗೆ ಹಚ್ಚಿಕೊಳ್ಳುತ್ತೇವಲ್ಲ, ಅದೇ. ಅದಕ್ಕೊಂದು ಹೊಗೆಯ ವಾಸನೆ, ಸಣ್ಣ ಹುಳಿ ಇರುತ್ತದೆ. ತಣ್ಣಗಿನ ರಮ್‌ನಲ್ಲಿ ಜೋನಿ ಬೆಲ್ಲ ಕರಗದೆ ತಳದಲ್ಲಿ ಕೂತುಬಿಡುತ್ತದೆ. ಮೊದಲೇ ಸಮ ಪ್ರಮಾಣದ ಬಿಸಿನೀರಿನಲ್ಲಿ ಕದಡಿಟ್ಟುಕೊಳ್ಳಬೇಕು. ಚಿಟಿಕೆ ಉಪ್ಪು ಮರೆಯಬಾರದು.

ಇಲ್ಲಿ ಮನೆಯೊಳಗೆ ಜಗಳ. ಗಂಡ ಮಂಡ್ಯದವರು, ಅಚ್ಚು ಬೆಲ್ಲವೇ ಬೆಲ್ಲ ಎಂಬ ಕಡೆಯವರು. ಅವರು ಅಚ್ಚು ಬೆಲ್ಲವನ್ನು ಕುಟ್ಟಿ, ಕರಗಿಸಿ, ಬಟ್ಟೆಯಲ್ಲಿ ಸೋಸಿ, ಎರಡು ಮೆಣಸಿನ ಕಾಳು ಹಾಕಿ ಕುದಿಸಿ ಬೇರೆ ಪಾಕ ಮಾಡಿಟ್ಟಿದ್ದಾರೆ. ಫ್ರಿಜ್‌ನಲ್ಲಿ ಎರಡು ಬಾಟಲಿ, ಎರಡರ ಮೇಲೂ ಚೀಟಿ. ಪಕ್ಷಪಾತ ಇಲ್ಲದೆ ಹೇಳುತ್ತೇನೆ, ಬಿಳಿ ರಮ್‌ಗೆ ಜೋನಿಯೇ ಸರಿ, ಅದರ ಹೊಗೆ ಎದ್ದು ಕಾಣುತ್ತದೆ. ಕಪ್ಪು ರಮ್‌ನಲ್ಲಿ ಜೋನಿ ಮುಳುಗಿ ಹೋಗುತ್ತದೆ, ಅಲ್ಲಿ ಮಂಡ್ಯ ಗೆಲ್ಲುತ್ತದೆ. ಮೊಲಾಸಿಸ್ (ಕಾಕಂಬಿ) ಬಿಟ್ಟು ಬೆಲ್ಲದಿಂದಲೇ ಭಟ್ಟಿ ಇಳಿಸುವ 'ಹುಲಿ' ಎಂಬ ಮದ್ಯ ಈಗ ನಂಜನಗೂಡು ಕಡೆಯಿಂದ ಬರುತ್ತಿದೆ. ಅದಕ್ಕೆ ಮಾತ್ರ ಯಾವ ಪಾಕವೂ ಬೇಡ, ಒಂದು ತುಂಡು ಐಸ್, ನಿಂಬೆ ಸಿಪ್ಪೆ ಸಾಕು.

ಮುರುಗಲಿನದು ಹೀಗೆ. ಒಣ ಸಿಪ್ಪೆ ಎಂಟು ಹತ್ತನ್ನು ಒಂದು ಲೋಟ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ ಕಿವುಚಿ ಸೋಸಿ. ಗಾಜಿನ ಪಾತ್ರೆಯೇ ಇರಲಿ, ಹುಳಿ ಜಾಸ್ತಿ. 45 ಮಿಲಿ ಜಿನ್, 30 ಮಿಲಿ ಮುರುಗಲು ನೀರು, ಎರಡು ಚಮಚ ಸಕ್ಕರೆ ಪಾಕ, ಚಿಟಿಕೆ ಉಪ್ಪು, ಬೆರಳಲ್ಲಿ ಉಜ್ಜಿದಷ್ಟು ಜೀರಿಗೆ ಪುಡಿ, ಸೀಳಿದ ಅರ್ಧ ಹಸಿಮೆಣಸು. ಕುಲುಕಿ ಸೋಸಿ ಮೇಲೆ ಸೋಡಾ. ಮೆಣಸು ಗ್ಲಾಸಿನಲ್ಲಿ ಬಿಡಬೇಡಿ, ನಿಮಿಷ ನಿಮಿಷಕ್ಕೂ ಖಾರ ಏರುತ್ತದೆ. ಜಿನ್ ತೆಗೆದು ಇದನ್ನೇ ಪಿಯುಸಿ ಓದುವ ಮಗನಿಗೂ ಕೊಡುತ್ತೇನೆ. ಮಂಗಳೂರು ಕಡೆಯ ನನ್ನ ಸಹೋದ್ಯೋಗಿ ಪುನರ್ಪುಳಿಗೆ ಜೀರಿಗೆ ಯಾಕೆ ಎಂದು ಮೂಗು ಮುರಿಯುತ್ತಾಳೆ. ಅವಳಿಗೆ ಬೇಡ ಅನ್ನಿಸಿದರೆ ಬಿಡಲಿ.

ಎಲ್ಲಕ್ಕಿಂತ ಹೆಮ್ಮೆಯದು ಅಪ್ಪೆಮಿಡಿಯದು. ಮಾರ್ಟಿನಿ ಎಂಬ ಜಿನ್ ಕಾಕ್‌ಟೇಲ್‌ಗೆ ಆಲಿವ್ ಕಾಯಿಯ ಉಪ್ಪುನೀರು ಸೇರಿಸಿ ಕುಡಿಯುವ ಪದ್ಧತಿ ಇದೆ. ಆಲಿವ್ ಬಾಟಲಿಯ ಬೆಲೆ ನೋಡಿ ವಾಪಸ್ ಇಟ್ಟು ಬಂದ ದಿನ ನಮ್ಮ ಜಾಡಿ ನೆನಪಾಯಿತು. ಊರಿಂದ ಬಂದ, ಇನ್ನೂ ಖಾರ ಬೆರೆಸದ, ಉಪ್ಪುನೀರಿನ ಮಿಡಿ. ಸೊನೆಯ ವಾಸನೆ ಆ ನೀರಿಗೆಲ್ಲ ಇಳಿದಿರುತ್ತದೆ. 60 ಮಿಲಿ ಜಿನ್‌ಗೆ ಆ ನೀರು ಒಂದೇ ಟೀ ಚಮಚ. ಐಸ್ ಜೊತೆ ಅರ್ಧ ನಿಮಿಷ ಕದಡಿ ಸೋಸಿ, ಒಂದು ಮಿಡಿ ಬಿಡಿ. ಕುಲುಕಬಾರದು. ಹಣ್ಣಿನ ರಸ ಇದ್ದರೆ ಕುಲುಕು, ಬರೀ ಮದ್ಯ ಇದ್ದರೆ ಕದಡು, ಇದೊಂದು ನಿಯಮ ನೆನಪಿದ್ದರೆ ಸಾಕು. ಆ ಮೊದಲ ಗುಟುಕಿಗೆ ಜಿನ್ ಕಾಣಿಸುವುದಿಲ್ಲ, ಮಾವಿನ ತೋಪು ಕಾಣಿಸುತ್ತದೆ. ಆಮೇಲೆ ಜಿನ್ ಬರುತ್ತದೆ, ಹಾಗಾಗಿ ಹುಷಾರು. ಅಮ್ಮ ಫೋನ್ ಮಾಡಿದಾಗಲೆಲ್ಲ 'ಮಿಡಿ ಇಷ್ಟು ಬೇಗ ಹೇಗೆ ಖಾಲಿ ಮಾಡ್ತೀರೇ?' ಎಂದು ಕೇಳುತ್ತಾಳೆ. ಮೊಸರನ್ನಕ್ಕೆ ಎಂದು ಹೇಳಿದ್ದೇನೆ. ಅಮ್ಮ ನಿಮ್ಮ ಪತ್ರಿಕೆಯ ಚಂದಾದಾರಳು, ಓದುಗರ ಪತ್ರವನ್ನಂತೂ ಬಿಡುವುದೇ ಇಲ್ಲ. ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಇದ್ದರೆ ಎಸ್‌ಪ್ರೆಸೊ ಮಾರ್ಟಿನಿಯೂ ಆಗುತ್ತದೆ. 1980ರ ದಶಕದಲ್ಲಿ ಲಂಡನ್‌ನ ಬಾರ್‌ಟೆಂಡರ್ ಡಿಕ್ ಬ್ರಾಡ್ಸೆಲ್ ಹುಟ್ಟಿಸಿದ್ದು. ವೋಡ್ಕಾ, ಕಾಫಿ ಮದ್ಯ ಎಲ್ಲ ಬೇಕು ಅನ್ನುತ್ತಾರೆ, ನಾನು ಕಪ್ಪು ರಮ್, ಡಿಕಾಕ್ಷನ್, ಬೆಲ್ಲದ ಪಾಕದಲ್ಲಿ ಮುಗಿಸುತ್ತೇನೆ. ಡಿಕಾಕ್ಷನ್ ಆಗ ತಾನೇ ಇಳಿದಿರಬೇಕು, ಬೆಳಗಿನದಾದರೆ ನೊರೆ ಬರುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಬೇಡ, ನಿದ್ದೆ ಹೋಗುತ್ತದೆ.

ನೊರೆ ಅಂದ ಕೂಡಲೇ ಒಂದು ಮಾತು. ವಿಸ್ಕಿ, ನಿಂಬೆ, ಸಕ್ಕರೆ ಸೇರಿಸಿ ಮಾಡುವ ವಿಸ್ಕಿ ಸೋರ್‌ಗೆ ನೊರೆ ಬರಲೆಂದು ಮೊಟ್ಟೆಯ ಬಿಳಿ ಹಾಕುತ್ತಾರೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. (ಜಿನ್ ಬರುತ್ತದೆ, ಮೊಟ್ಟೆ ಬರುವುದಿಲ್ಲ. ನಗಬೇಡಿ, ಪ್ರತಿ ಮನೆಗೂ ಅದರದ್ದೇ ಕಾನೂನು.) ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರನ್ನು ಎರಡು ಚಮಚ ಹಾಕಿ, ಮೊದಲು ಐಸ್ ಇಲ್ಲದೆ, ಆಮೇಲೆ ಐಸ್ ಹಾಕಿ ಕುಲುಕಿದರೆ ಅದೇ ನೊರೆ ಬರುತ್ತದೆ. ಕಡಲೆಯ ವಾಸನೆ ಬರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನನಗಂತೂ ಬರುವುದಿಲ್ಲ. ಉಪ್ಪು ಹಾಕದೆ ಬೇಯಿಸಿ. ಶೇಕರ್ ಕೂಡ ಬೇಕಿಲ್ಲ, ಬಿಗಿ ಮುಚ್ಚಳದ ಉಪ್ಪಿನಕಾಯಿ ಬಾಟಲಿ ಸಾಕು. ಕೈ ಚುರುಗುಟ್ಟುವಷ್ಟು ತಣ್ಣಗಾಗುವ ತನಕ ಕುಲುಕಬೇಕು. ಐಸ್ ಕರಗಿ ನೀರಾಗಿ ಸೇರುವುದೂ ಪಾಕವಿಧಾನದ ಒಂದು ಭಾಗವೇ. ನೀರು ಸೇರದಿದ್ದರೆ ಗಂಟಲು ಸುಡುತ್ತದೆ.

ಐಸ್ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ನನ್ನ ಹುಚ್ಚು. ಫ್ರೀಜರ್ ಟ್ರೇಯ ಐಸ್ ಬೆಳ್ಳಗಿರೋದು ಯಾಕೆಂದರೆ ನೀರು ಎಲ್ಲ ಕಡೆಯಿಂದಲೂ ಗಟ್ಟಿಯಾಗುತ್ತಾ ಒಳಗಿನ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಪುಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ, ಮುಚ್ಚಳ ಇಲ್ಲದೆ, ನೀರಿಟ್ಟರೆ ಮೇಲಿನಿಂದ ಮಾತ್ರ ಗಟ್ಟಿಯಾಗುತ್ತಾ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಒಂದು ದಿನ ಬಿಟ್ಟು ತೆಗೆದು, ಬೆಳ್ಳಗಿನ ತಳ ಕತ್ತರಿಸಿ ಬಿಸಾಕಿದರೆ ಉಳಿದದ್ದು ಕನ್ನಡಿ. ದೊಡ್ಡ ತುಂಡು ಬೇಗ ಕರಗುವುದೂ ಇಲ್ಲ. ಇದಕ್ಕೆ ಖರ್ಚು ಸೊನ್ನೆ. ಬಾರ್‌ಗಳಲ್ಲಿ ಈ ಐಸ್‌ಗೇ ಬಿಲ್ ಏರುತ್ತದೆ.

ಮನೆಯಲ್ಲಿ ಬಿಯರ್ ಮಾಡಬಹುದೇ ಎಂದು ಪಕ್ಕದ ಮನೆಯ ಹುಡುಗ ವಿಡಿಯೊ ನೋಡಿ ಬಂದು ಕೇಳಿದ. ಮಾಡಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆ ಬಳಕೆಗೆ ಎಂದರೂ ಕೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಲಾಗರ್ ಬಿಯರ್‌ಗೆ ಬಣ್ಣ ಬರಿಸಬಹುದು. ಮೆಕ್ಸಿಕೊದವರು ಬಿಯರ್‌ಗೆ ನಿಂಬೆ, ಉಪ್ಪು, ಖಾರ ಹಾಕಿ ಮಿಚೆಲಾಡಾ ಮಾಡುತ್ತಾರೆ. ಗ್ಲಾಸಿನ ಬಾಯಿಗೆ ನಿಂಬೆ ಸವರಿ ಬ್ಯಾಡಗಿ ಮೆಣಸಿನ ಪುಡಿ, ಉಪ್ಪಿನಲ್ಲಿ ಅದ್ದಿ, ತಳಕ್ಕೆ ನಿಂಬೆ ರಸ ಹಿಂಡಿ ತಣ್ಣಗಿನ ಮೈಲ್ಡ್ ಬಿಯರ್ ಸುರಿಯಿರಿ. ಬ್ಯಾಡಗಿ ಬಣ್ಣ ಜಾಸ್ತಿ, ಖಾರ ಕಡಿಮೆ, ಇದಕ್ಕೆ ಹೇಳಿ ಮಾಡಿಸಿದ್ದು. ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ ಸೇರಿಸಿದರೆ ಶಾಂಡಿ, ಬಿಸಿಲಿನ ಮಧ್ಯಾಹ್ನಕ್ಕೆ ಅದಕ್ಕಿಂತ ಬೇರೆ ಬೇಕಿಲ್ಲ. ಆಲ್ಕೋಹಾಲ್ ಅರ್ಧಕ್ಕೆ ಇಳಿಯುತ್ತದೆ. ಗ್ಲಾಸನ್ನು ಫ್ರೀಜರ್‌ನಲ್ಲಿಟ್ಟು ಮಂಜು ಕಟ್ಟಿಸಿ ತರುವ ಚಟ ಮಾತ್ರ ಬಿಡಿ. ನಾಲಿಗೆ ಮರಗಟ್ಟಿದ ಮೇಲೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಕುಡಿಯದವರು ಶುರು ಮಾಡಲಿ ಎಂದು ನಾನು ಹೇಳುತ್ತಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಎಂಬ ಸುಳ್ಳನ್ನಂತೂ ಹೇಳುವುದಿಲ್ಲ. ಹೇಗಿದ್ದರೂ ಕುಡಿಯುವವರಿಗೆ ಅಳತೆ, ರುಚಿ ಎರಡನ್ನೂ ಹೇಳಿಕೊಡಿ ಎಂಬುದಷ್ಟೇ ನನ್ನ ಕೋರಿಕೆ. ಅಳೆದು, ಹಿಂಡಿ, ಕುಲುಕಿ, ಸೋಸಿ ಮಾಡುವವರು ಒಂದರ ಮೇಲೊಂದು ಇಳಿಸುವುದು ಕಷ್ಟ. ಅಷ್ಟು ಕೆಲಸ ಎರಡನೇ ಸಲ ಮಾಡೋಕೆ ನನಗಂತೂ ಬೇಜಾರು. ಬೆಲ್ಲ, ಮಿಡಿ, ಮುರುಗಲು, ಕಾಫಿ, ರಾಗಿ ಎಲ್ಲ ನಮ್ಮದೇ, ಅವುಗಳ ಬಗ್ಗೆ ಬರೆಯಬಲ್ಲ ಕೈಗಳೂ ನಿಮ್ಮಲ್ಲಿ ಇವೆ. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆ ಕಾಲು ಪುಟ ಸಾಕು. ಬ್ರೂವರಿಗಳೂ ಮೆನುವಿನಲ್ಲಿ ಏನು ಹಾಕಿದ್ದೇವೆ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಲಿ, ತರುವ ಹುಡುಗರಿಗೆ ಒಂದೊಂದು ಗುಟುಕು ಕುಡಿಸಿ ಹೇಳಿಕೊಡಲಿ.

ಹಾಗೆ ಬರೆಯುವುದಾದರೆ ಅಳತೆಯನ್ನು ಮಿಲಿಯಲ್ಲೇ ಕೊಡಿ. 'ಒಂದು ಪೆಗ್' ಎಂದು ಬರೆದರೆ ಅರ್ಧ ಜನ 30 ಹಾಕುತ್ತಾರೆ, ಅರ್ಧ ಜನ 60. ಹೋದ ಡಿಸೆಂಬರ್‌ನಲ್ಲಿ ನಿಮ್ಮ ಪುರವಣಿಯಲ್ಲಿ ಬಂದ ಪಂಚ್ ಎಂಬ ಪೇಯದ ಪಾಕವಿಧಾನದಲ್ಲಿ 'ನಿಂಬೆ ರಸ ರುಚಿಗೆ ತಕ್ಕಷ್ಟು' ಎಂದಿತ್ತು. ಯಾರ ರುಚಿಗೆ?

ಇತಿ,
ಓದುಗಳು
ವಿಜಯನಗರ, ಬೆಂಗಳೂರು
(ಹೆಸರು, ವಿಳಾಸ ಕಚೇರಿಗೆ ಮಾತ್ರ)